ಪಕ್ಕಕ್ಕೆ ತಿರುಗಿದ ಡಿಶ್‌ಗಳು

ಸೇನೆಯ ಉಪಗ್ರಹ ಕೇಂದ್ರದಲ್ಲಿ ಒಂದು ಹಳೇ ಡಿಶ್ ಇತ್ತು. ಸರ್ಕಾರ ದುಡ್ಡು ಸುರಿದು ಅದರ ಪಕ್ಕದಲ್ಲೇ ಹೊಸ ಡಿಶ್ ನಿಲ್ಲಿಸಿತು. ಆಯುಧಪೂಜೆಗೆ ಹೊಸದಕ್ಕೆ ಮಾರುದ್ದ ಸೇವಂತಿಗೆ ಹಾರ, ಹಳೇದಕ್ಕೆ ಬರೀ ಕುಂಕುಮ.

"ಏನೋ ಮದುಮಗನೇ, ಬಣ್ಣ ಬಳಿಸಿಕೊಂಡರೆ ಕೆಲಸ ಬರುತ್ತಾ?" ಎಂದು ಹಳೇದು ಹೊಟ್ಟೆ ಉರಿದುಕೊಂಡು ಅದರತ್ತ ಮುಖ ತಿರುಗಿಸಿತು.

"ನಿನಗೇನು ತಾತಾ, ಉಪಗ್ರಹ ಇನ್ನೂ ನಿನ್ನನ್ನೇ ಅಣ್ಣ ಅನ್ನುತ್ತೆ!" ಎಂದು ಹೊಸದೂ ಉರಿದುಕೊಂಡು ಇತ್ತ ತಿರುಗಿತು.

ಅಷ್ಟರಲ್ಲಿ ಉಪಗ್ರಹ ನೆತ್ತಿಮೇಲೆ ಬಂತು. "ಅಣ್ಣಾ, ಗಡಿಯತ್ತ ಟ್ಯಾಂಕುಗಳು ಬರ್ತಿವೆ! ಯಾರಾದರೂ ಮೇಲೆ ನೋಡ್ರೋ!" ಎಂದು ಕೂಗಿ ಕೂಗಿ ಗುಡ್ಡದಾಚೆ ಇಳಿದುಹೋಯಿತು. ಮುಖ ಮೇಲಿಲ್ಲದ ಡಿಶ್‌ಗೆ ಕಿವಿಯೂ ಇಲ್ಲ.

ಮೇಜರ್ ಸಾಹೇಬರು ಓಡಿಬಂದು, "ಗಡಿಯಿಂದ ಏನು ಸುದ್ದಿ?" ಎಂದರು.

ಹಳೇದು ಹೇಳಿತು: "ಸಾರ್, ಇವನಿಗೆ ನನಗಿಂತ ಹನ್ನೆರಡು ಬೋಲ್ಟು ಜಾಸ್ತಿ ಹಾಕಿದ್ದೀರಿ."