ಕುಂಕುಮದ ಕೆಳಗಿನ ಬೆಣೆ

"ಬುದ್ಧಿ, ಕೋಪವನ್ನು ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಬರುತ್ತದೆ. ನಾನೇನು ಮಾಡಲಿ?"

ಗುರುಗಳನ್ನು ಹೀಗೆ ಕೇಳಿದವನು ಮರಿದೇವ, ಮಠದ ದಾಸೋಹದಲ್ಲಿ ಬಡಿಸುವ ಉಸ್ತುವಾರಿ ಹೊತ್ತವನು. ಹೆತ್ತ ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ಒಂದು ಹನಿ ಕಣ್ಣೀರು ಹಾಕದೆ ಪಂಕ್ತಿ ಮುಗಿಸಿದವನೆಂದು ಅವನಿಗೆ ದೊಡ್ಡ ಹೆಸರಿತ್ತು. ಹೊಸದಾಗಿ ಬಂದವರಿಗೆ ಹಿರಿಯರು ಅದನ್ನೇ ಹೇಳಿ ಅವನನ್ನು ತೋರಿಸುತ್ತಿದ್ದರು. ಅದಾಗಿ ವರ್ಷ ಕಳೆದಿತ್ತು. ಅಂಥವನು ಈ ಹೊತ್ತು, ಇನ್ನೊಂದು ಸೌಟು ಸಾರು ಕೇಳಿದ ಮುದುಕಿಯ ಮೇಲೆ ಹರಿಹಾಯ್ದಿದ್ದ. ಅವಳು ಅರ್ಧ ಊಟಕ್ಕೇ ಎದ್ದು ಹೋಗಿದ್ದಳು. ಇದು ಮೊದಲ ಸಲವೂ ಅಲ್ಲ. ಮೌನ ಹಿಡಿದು ನೋಡಿದ್ದ, ಉಪವಾಸ ಮಾಡಿ ನೋಡಿದ್ದ. ಯಾವುದೂ ನಾಟಿರಲಿಲ್ಲ.

"ಸಾಕಾಗಿ ಹೋಗಿದೆ ಬುದ್ಧಿ. ಇನ್ನೊಬ್ಬರನ್ನು ಹೀಗೆ ಎಲೆಯ ಮುಂದಿನಿಂದ ಎಬ್ಬಿಸುವುದಕ್ಕಿಂತ ನಾನೇ ಮಠ ಬಿಟ್ಟು ಹೋಗುತ್ತೇನೆ" ಎಂದ.

ಗುರುಗಳು ಗೋಡೆಗೆ ಒರಗಿ ಕಾಲು ಚಾಚಿದರು. ಅವರಿಗೂ ದಣಿವಾಗಿತ್ತು. "ಹೋಗುವೆಯಂತೆ, ಯಾರು ಬೇಡವೆಂದರು? ಒಂದು ಕತೆ ಕೇಳಿಕೊಂಡು ಹೋಗು" ಎಂದು ಶುರು ಮಾಡಿದರು.

ಒಬ್ಬ ಸೊಪ್ಪಿನ ತೋಟದವನಿದ್ದ. ಅವನು ಬೆಳೆಯುವುದು, ಹೆಂಡತಿ ಸಂತೆಗೆ ಹೊತ್ತು ಮಾರುವುದು, ಹೀಗೆ ಬದುಕು ಸಾಗಿತ್ತು. ಮಡಿ ಮಾಡಲು ಮಣ್ಣು ನುಣ್ಣಗಾಗಬೇಕಲ್ಲ, ಅದಕ್ಕೆಂದು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ರೋಟವೇಟರ್ ತಂದ. ತಂದ ಹೊಸತರಲ್ಲೇ ಆಯುಧಪೂಜೆ ಬಂತು. ಯಂತ್ರವನ್ನು ಉಜ್ಜಿ ತೊಳೆದ, ಗೇರ್ ಪೆಟ್ಟಿಗೆಯ ನೆತ್ತಿಗೆ ದಪ್ಪಗೆ ಅರಿಶಿನ ಕುಂಕುಮ ಮೆತ್ತಿದ, ನಿಂಬೆಹಣ್ಣು ಹೆಚ್ಚಿದ. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಯಂತ್ರ ಸೋರತೊಡಗಿತು.

ಗೇರ್ ಪೆಟ್ಟಿಗೆಯ ಎಣ್ಣೆ ತೊಟ್ಟು ತೊಟ್ಟಾಗಿ ಮಡಿಗೆ ಬೀಳುತ್ತಿತ್ತು. ಬಿದ್ದ ಕಡೆ ಕೊತ್ತಂಬರಿ ಹುಟ್ಟಲಿಲ್ಲ, ಹುಟ್ಟಿದ್ದು ಹಳದಿ ತಿರುಗಿತು. ಸಂತೆಯಲ್ಲಿ ಒಬ್ಬಳು ಸೊಪ್ಪಿನ ಕಟ್ಟನ್ನು ಮೂಸಿ, "ಇದೇನಮ್ಮ, ಗ್ಯಾರೇಜಿನಲ್ಲಿ ಬೆಳೆದದ್ದಾ?" ಎಂದು ಬುಟ್ಟಿಗೆ ಎಸೆದಳು. ಹೆಂಡತಿ ಮನೆಗೆ ಬಂದು ಬುಟ್ಟಿ ಕುಕ್ಕಿ, ಇನ್ನು ತಾನು ಸಂತೆಗೆ ಹೋಗುವುದಿಲ್ಲವೆಂದಳು.

ತೋಟದವನು ಮೆಕ್ಯಾನಿಕ್‌ನನ್ನು ಕರೆಸಿದ. ಎಣ್ಣೆ ತಡೆಯುವ ರಬ್ಬರ್ ಬಳೆ ಇರುತ್ತದಲ್ಲ, ಸೀಲ್ ಎನ್ನುತ್ತಾರೆ, ಅದನ್ನು ಬದಲಿಸಿದ್ದಾಯಿತು. ಒಂದು ಮಡಿ ಉತ್ತ ಮೇಲೆ ಮತ್ತೆ ಸೋರಿತು. ಎಡಗಡೆ ಬಿಗಿ ಮಾಡಿದರೆ ಬಲಗಡೆ ಬಂತು. ಬಲಗಡೆ ಮುಚ್ಚಿದರೆ ಮುಂದೆ ಬಂತು. ದಪ್ಪ ಎಣ್ಣೆ ಹಾಕಿದ, ಬಟ್ಟೆ ಸುತ್ತಿದ, ಸಾಬೂನು ಮೆತ್ತಿದ. ಕೊನೆಗೆ ನಕಲಿ ಮಾಲು ಹಾಕಿದ್ದೀಯೆ ಎಂದು ಮೆಕ್ಯಾನಿಕ್‌ನ ಮೇಲೆಯೇ ಏರಿಹೋದ. ಪಾಪ, ಅವನು ಯಂತ್ರದ ಮೈಯೆಲ್ಲ ತಡವಿ ನೋಡಿದ್ದ. ನೆತ್ತಿಯ ಮೇಲಿನ ಕುಂಕುಮವನ್ನು ಮಾತ್ರ ಮುಟ್ಟಿರಲಿಲ್ಲ. ಪೂಜೆ ಮಾಡಿದ ಜಾಗವನ್ನು ಯಾರಾದರೂ ಕೆರೆಯುತ್ತಾರೆಯೇ? ಪ್ರತಿ ಆಯುಧಪೂಜೆಗೂ ಅದರ ಮೇಲೆ ಇನ್ನೊಂದು ಪದರ ಕೂರುತ್ತಿತ್ತು.

ತೋಟದವನಿಗೆ ರೋಸಿಹೋಯಿತು. ಯಂತ್ರವನ್ನೂ ಮಾರಿ, ಸೊಪ್ಪು ಬೆಳೆಯುವುದನ್ನೂ ಬಿಟ್ಟುಬಿಡುವುದೆಂದು ತೀರ್ಮಾನಿಸಿದ. ಕೊಳ್ಳುವವನು ಮಧ್ಯಾಹ್ನ ಬರುವವನಿದ್ದ. ಬೆಳಿಗ್ಗೆ ಕೊನೆಯ ಸಲವೆಂದು ಒಂದು ಮಡಿ ಉತ್ತು, ತಂದು ಮನೆಯ ಮುಂದೆ ನಿಲ್ಲಿಸಿದ. ನೋಡಲು ಚೆನ್ನಾಗಿರಲಿ ಎಂದು ಹೆಂಡತಿ ತೆಂಗಿನ ನಾರು ಹಿಡಿದು ಉಜ್ಜಲು ಕೂತಳು. ಯಂತ್ರ ಇನ್ನೂ ಬಿಸಿಯಾಗಿತ್ತು. ನೆತ್ತಿಯ ಮೇಲೆ ಗಟ್ಟಿ ಕಟ್ಟಿದ್ದ ಕುಂಕುಮವನ್ನು ಕೆರೆದಾಗ ಅದರ ಜೊತೆ ಒಂದು ಮರದ ಚೂರು ಕಿತ್ತುಬಂತು. ಒಳಗಿನಿಂದ ಗಾಳಿ ಬುಸ್ಸೆಂದು ಹೊರಟಿತು. ಅವಳು ಹೆದರಿ ಹಿಂದೆ ಸರಿದಳು.

"ಅಯ್ಯೋ, ಇದ್ಯಾಕೆ ಇಲ್ಲಿ ಬೆಣೆ?"

"ಅಲ್ಲೊಂದು ತೂತಿತ್ತು ಕಣೇ. ಮೊದಲನೇ ಪೂಜೆಯ ದಿನ, ಧೂಳು ಹೋಗದಿರಲಿ ಅಂತ ನಾನೇ ಬೇವಿನ ಬೆಣೆ ಹೊಡೆದಿದ್ದೆ" ಎಂದ ತೋಟದವನು.

ಹೇಳುತ್ತಲೇ ಕೆಳಗೆ ನೋಡಿದ. ತೊಟ್ಟಿಕ್ಕುವುದು ನಿಂತಿತ್ತು. ಗೇರುಗಳು ತಿರುಗಿದರೆ ಬಿಸಿಯಾಗುತ್ತವೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗಲೆಂದೇ ಯಂತ್ರ ಮಾಡಿದವರು ನೆತ್ತಿಯಲ್ಲಿ ಒಂದು ಸಣ್ಣ ದಾರಿ ಬಿಟ್ಟಿದ್ದರು. ಆ ದಾರಿ ಮುಚ್ಚಿದ ಮೇಲೆ ಗಾಳಿ ಎಣ್ಣೆಯನ್ನು ತಳ್ಳದೆ ಇನ್ನೇನು ಮಾಡೀತು? ಎಂಥ ಸೀಲ್ ಆದರೂ ಎಷ್ಟು ಹೊತ್ತು ತಡೆದೀತು? ಅವನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟ. ಸಂತೋಷಪಡುವಷ್ಟು ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಮಧ್ಯಾಹ್ನ ಬಂದವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಯಂತ್ರ ಮಾರುವುದಿಲ್ಲವೆಂದು ಹೇಳಿ ಕಳಿಸಿದ. ಸಂಜೆ ಮೆಕ್ಯಾನಿಕ್‌ನ ಮನೆಗೆ ಸೊಪ್ಪಿನ ಕಟ್ಟು ಹಿಡಿದು ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವನಿಗೆ ಕತೆ ಹಿಡಿಸಿತ್ತು. ತನ್ನ ಸಂಕಟವನ್ನು ಅಷ್ಟು ಹೊತ್ತು ಮರೆತಿದ್ದ. ಅವನು ನಗುತ್ತ ತಲೆಯಾಡಿಸಿದ.

"ಬುದ್ಧಿ, ಎಂಥ ದಡ್ಡ ಅವನು! ತೆರೆದಿರಬೇಕಾದ್ದನ್ನು ತಾನೇ ಮುಚ್ಚಿ, ಮೇಲೆ ಪೂಜೆ ಬೇರೆ ಮಾಡಿದನಲ್ಲ. ಮೆಕ್ಯಾನಿಕ್ ಸುಮ್ಮಸುಮ್ಮನೆ ಬೈಸಿಕೊಂಡ."

"ಆ ಮುದುಕಿಯೂ ಹಾಗೆಯೇ" ಎಂದರು ಗುರುಗಳು. ಮರಿದೇವನ ಮುಖದ ನಗೆ ಮಾಸಿತು. ಅವರು ದನಿ ತಗ್ಗಿಸಿ ಹೇಳಿದರು:

"ಅವ್ವ ಸತ್ತ ದಿನ ನೀನು ಅಳದೆ ಬಡಿಸಿದೆ ಮಗು, ಇಡೀ ಮಠ ಅದಕ್ಕೆ ಕುಂಕುಮ ಇಟ್ಟಿತು."