ಲೈನ್ ಚೆಕ್ ಮಾಡಿ ಸರ್

ನೂಲಿನ ಗಿರಣಿಯ ಆಫೀಸಿನಲ್ಲಿ ನೆಟ್‌ವರ್ಕ್ ಲೈನ್ ಸರಿಯಿದೆಯೇ ಎಂದು ನೋಡುವ ಒಂದು ಪ್ರೋಗ್ರಾಂ ಇತ್ತು. ಯಾರು ತೆರೆದರೂ ಅದು ಮ್ಯಾನೇಜರ್ ವಿರೂಪಾಕ್ಷಯ್ಯನವರ ಅಧಿಕಾರದಲ್ಲೇ ಓಡುತ್ತಿತ್ತು. ಲೈನ್ ನೋಡಿದ ಮೇಲೆ ಆ ಅಧಿಕಾರವನ್ನು ಬಿಡಬೇಕು. ಬಿಡುತ್ತಿರಲಿಲ್ಲ. ಅಂದರೆ, ಅದು ತೆರೆದಿರುವಷ್ಟು ಹೊತ್ತು ಯಾರು ಬೇಕಾದರೂ ಮ್ಯಾನೇಜರೇ.

ಗುಮಾಸ್ತೆ ದಾಕ್ಷಾಯಣಿ ಇದನ್ನು ಹೇಳಿದಾಗ ಮ್ಯಾನೇಜರು ಕೆಂಡವಾದರು. "ನಾನು ಹಾಕಿಸಿದ್ದರಲ್ಲಿ ತಪ್ಪಾ? ಊಟದ ಬೆಲ್ಲಿನೊಳಗೆ ತೋರಿಸಮ್ಮ. ಇಲ್ಲಾಂದ್ರೆ ಹತ್ತಿ ಗೋಡೌನಿಗೆ ಹಾಕ್ತೀನಿ."

ದಾಕ್ಷಾಯಣಿಗೆ ಹತ್ತಿ ದೂಳೆಂದರೆ ಉಬ್ಬಸ. ಆ ಪ್ರೋಗ್ರಾಂ ತೆರೆದು ಲೈನ್ ಚೆಕ್ ಮಾಡಿದಳು. ಅಲ್ಲಿಂದಲೇ ಮ್ಯಾನೇಜರ ಸ್ವಂತ ಲಾಗಿನ್ನಿನ ಅಧಿಕಾರವನ್ನೆಲ್ಲ ತೆಗೆದುಹಾಕಿದಳು; ಪ್ರೋಗ್ರಾಂಗೆ ಕೊಟ್ಟಿದ್ದ ಅಧಿಕಾರ ಮಾತ್ರ ಹಾಗೇ ಉಳಿಯಿತು.

ಬೆಲ್ಲಿಗೂ ಕಾಯದೆ ಮ್ಯಾನೇಜರು ಅವಳ ವರ್ಗಾವಣೆಗೆ ಗುಂಡಿ ಒತ್ತಿದರು. 'ನಿಮಗೆ ಅಧಿಕಾರವಿಲ್ಲ' ಎಂದಿತು ಕಂಪ್ಯೂಟರ್. ಮತ್ತೆ ಒತ್ತಿದರು. ಮತ್ತೆ ಅದೇ.

"ಯಾರು ತೆಗೆದದ್ದು?"

"ತಾವೇ ಸರ್. ತಮ್ಮ ಹೆಸರೇ ತೋರಿಸ್ತಿದೆ ನೋಡಿ."

"ನನ್ನ ಅಧಿಕಾರ ನನಗೆ ವಾಪಸ್ ಬೇಕಲ್ಲಮ್ಮಾ!"

"ಅದಕ್ಯಾಕೆ ಗಾಬರಿ ಸರ್? ಲೈನ್ ಚೆಕ್ ಮಾಡಿ, ಸಿಗುತ್ತೆ. ನಮಗೆಲ್ಲ ಹಾಗೇ ಸಿಗೋದು."

ಮಾಡಿದರು. ಸಿಕ್ಕಿತು. ಸಮಾಧಾನದಿಂದ ತಲೆಯೆತ್ತಿ ನೋಡಿದರೆ, ಪ್ರತಿ ಮೇಜಿನಲ್ಲೂ ಆ ಪ್ರೋಗ್ರಾಂ ತೆರೆದೇ ಇತ್ತು. ಗೋಡೌನಿನ ಮಾತು ಅಲ್ಲೇ ಬಿಟ್ಟು, ರಿಪೇರಿಯವನಿಗೆ ಫೋನ್ ಮಾಡಲು ಓಡಿದರು.