ಪಳಗದ ಚಿಲುಮೆಗಳು

“ಅಜ್ಜಾರ, ನನಗ ಯಾವ ಮಂತ್ರ ಒಗ್ಗತೈತಿ? ನೀವ ಹೇಳ್ರಿ.”

ಪರ್ವತಯ್ಯ ಮಠದ ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿ ಬಂದಿದ್ದ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಹೆಗಲ ಮೇಲೆ ಬಟ್ಟೆಯ ಗಂಟಿತ್ತು. ಹೊಳೆಯ ಆಚೆ ದಂಡೆಗೆ ಹೊಸ ಸ್ವಾಮಿಗಳು ಬಂದಿದ್ದಾರೆ, ಅವರು ಕೊಡುವ ಮಂತ್ರ ಮೊದಲ ದಿನವೇ ಮೈ ಝುಮ್ಮೆನ್ನಿಸುತ್ತದೆ ಎಂದು ಯಾರೋ ಹೇಳಿದ್ದರು. ಅವನು ಮಧ್ಯಾಹ್ನದ ಹರಿಗೋಲಿಗೆ ಹೊರಟಿದ್ದ. ಗುರುವಿನ ಒಪ್ಪಿಗೆ ಬೇಕಾಗಿತ್ತು. ಒಪ್ಪಿಗೆ ಸಿಗದಿದ್ದರೂ ಹೊರಡುವವನೇ, ಅದು ಬೇರೆ ಮಾತು.

“ನಾ ಕೊಟ್ಟದ್ದು ಏನಾತು?” ಎಂದರು ಗುರು.

“ಛಲೋನ ಇತ್ತರಿ. ಆದರ ಯಾಕೋ ಹತ್ತಲಿಲ್ಲ. ಅದಕ್ಕಿಂತ ಮೊದಲ ಗುಡ್ಡದ ಆಚೆ ಸ್ವಾಮಿಗಳು ಕೊಟ್ಟಿದ್ದು ಭಾಳ ಉದ್ದ ಆತು. ಎಲ್ಲಾಕಿಂತ ಮೊದಲ ನಮ್ಮೂರ ಮುದಿ ಅಯ್ಯನೋರು ಒಂದು ಕೊಟ್ಟಿದ್ದರು. ಬರೇ ನಾಕ ಅಕ್ಷರ. ಅದೇನು ಮಂತ್ರರಿ! ನಾ ಅದನ್ನ ಲಗೂನ ಬಿಟ್ಟೆ. ಗ್ವಾಡಿ ಆಚೆ ಕೇಳಿಸಿಕೊಂಡಿದ್ದ ನಮ್ಮವ್ವ ಹಿಡಕೊಂಡಳು. ಜೋಳ ಬೀಸಿಕೋತ ಅದನ್ನ ಅಂತಿದ್ದಳು.” ಹೀಗೆಂದು ಪರ್ವತಯ್ಯ ನಕ್ಕ.

ಗುರು ನಗಲಿಲ್ಲ. “ಕುಂದರು. ಹರಿಗೋಲು ಇನ್ನೂ ಆ ದಂಡ್ಯಾಗ ಐತಿ,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಊರಿನವರೆಲ್ಲ ಮಣ್ಣಿನ ಚಿಲುಮೆಯಲ್ಲಿ ಹೊಗೆಸೊಪ್ಪು ತುಂಬಿ ಸೇದುತ್ತಿದ್ದ ಕಾಲ ಅದು. ಸೇದುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಈ ಕತೆಯಲ್ಲಿ ಸೇದುತ್ತಾರೆ.

ಚಿಲುಮೆಯ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಹಟ. ಗಾಡಿ ಹೊಡೆಯುವವನಿಗೆ ಗಿಡ್ಡನೆಯದೇ ಬೇಕು. ಉದ್ದನೆಯದಾದರೆ ಗಾಡಿ ಕುಲುಕಿದಾಗ ಹಲ್ಲಿಗೆ ಬಡಿಯುತ್ತದೆ. ಕುರಿ ಕಾಯುವವನು ಗಿಡ್ಡನೆಯದನ್ನು ಮುಟ್ಟುವುದಿಲ್ಲ. ಹೊಗೆ ಕಣ್ಣಿಗೆ ಬಂದರೆ ಮಂದೆ ಕಾಣಿಸುವುದಿಲ್ಲ. ಕಮ್ಮಾರನಿಗೆ ಮೆರುಗಿಲ್ಲದ ಒರಟು ಚಿಲುಮೆ, ಏಕೆಂದರೆ ಬೆವರಿದ ಕೈಯಲ್ಲಿ ನುಣುಪಾದದ್ದು ನಿಲ್ಲುವುದಿಲ್ಲ. ಊರ ಗೌಡನದು ಕಪ್ಪಗೆ ಸುಟ್ಟು, ಮುಖ ಕಾಣುವಷ್ಟು ತಿಕ್ಕಿದ್ದು. ಅದಕ್ಕೆ ಕಾರಣವೇನೂ ಇಲ್ಲ, ಅವನು ಗೌಡ.

ವ್ಯಾಪಾರಿಗೂ ಒಂದು ಇಷ್ಟವಿತ್ತು. ಇನ್ನೊಬ್ಬರ ಕೈಯಲ್ಲಿರುವ ಚಿಲುಮೆ ಅವನಿಗೆ ಇಷ್ಟವಾಗುತ್ತಿತ್ತು.

ಅವನು ಮೊದಲು ಕೊಂಡದ್ದು ಒಂದು ಕೆಂಪು ಚಿಲುಮೆ. ನೆಟ್ಟನೆಯದು, ಸಾದಾ. ಬಾಯಿಯ ಬಳಿ ಕುಂಬಾರನ ಹೆಬ್ಬೆರಳು ಒತ್ತಿ ಒಂದು ಸಣ್ಣ ಗುಳಿ ಬಿದ್ದಿತ್ತು. ಕೊಂಡ ದಿನ ಅವನ ಸಂಭ್ರಮ ನೋಡಬೇಕಿತ್ತು! ಹಾದಿಯಲ್ಲಿ ಕಂಡವರನ್ನೆಲ್ಲ ನಿಲ್ಲಿಸಿ ತೋರಿಸಿದ. ಹೊಸ್ತಿಲು ದಾಟುವ ಮೊದಲೇ “ಸಿಕ್ಕತು! ಇದ ನಂದು!” ಎಂದು ಕೂಗಿದ. ಸೊಪ್ಪು ತುಂಬಿ, ಕೆಂಡ ಇಟ್ಟು, ಕಣ್ಣು ಮುಚ್ಚಿ ಎಳೆದ. ಬಾಯಿ ತುಂಬ ಹಸಿ ಮಣ್ಣಿನ ರುಚಿ ಬಂತು. ಮರುದಿನವೂ ಅದೇ ಕಹಿ.

ಕುಂಬಾರ ಮೊದಲೇ ಹೇಳಿದ್ದ. “ಹೊಸಾದು ರೀ ಸಾವ್ಕಾರ್ರ, ಕಹಿ ಇರತೈತಿ. ಬಿಡದಂಗ ಸೇದ್ರಿ, ಪಳಗತೈತಿ.” ಹೊಸ ರೊಟ್ಟಿ ಹೆಂಚು ಪಳಗುವ ತನಕ ರೊಟ್ಟಿ ಹರಿಯುತ್ತದೆ, ಅದಕ್ಕೆ ಯಾರೂ ಹೆಂಚನ್ನು ಎಸೆಯುವುದಿಲ್ಲ. ಆದರೆ ವ್ಯಾಪಾರಿಗೆ ಕುಂಬಾರನ ಮಾತು ಕಿವಿಗೇ ಬಿದ್ದಿರಲಿಲ್ಲ. ಅವನು ಆಗ ಮೇಲಿನ ಹಲಗೆಯ ಮೇಲಿದ್ದ ಗಿಣಿಮೂಗಿನ ಚಿಲುಮೆಯನ್ನು ನೋಡುತ್ತಿದ್ದ.

ಕೆಂಪು ಚಿಲುಮೆಯನ್ನು ಹಿತ್ತಲಿಗೆ ಎಸೆದ. ಅಲ್ಲಿ ಅವನ ತಾಯಿ ಬಿಸಿಲಿಗೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಚಿಲುಮೆ ಉಣ್ಣೆಯ ರಾಶಿಯ ಮೇಲೆ ಬಿದ್ದು, ಒಡೆಯದೆ ಉಳಿಯಿತು. ವ್ಯಾಪಾರಿ ತಿರುಗಿ ನೋಡಲಿಲ್ಲ, ಕುಂಬಾರನ ಮನೆಗೆ ಓಡಿದ.

ಗಿಣಿಮೂಗಿನದು ಬಂತು. “ಸಿಕ್ಕತು! ಇದ ನಂದು!” ಅದೂ ಕಹಿ. ಗಾಡಿಯವನು ಗಿಡ್ಡನೆಯದನ್ನು ಎಷ್ಟು ಸುಖವಾಗಿ ಸೇದುತ್ತಾನೆ ನೋಡು ಎಂದು ಗಿಡ್ಡನೆಯದನ್ನು ತಂದ. ಆಮೇಲೆ ಕುರಿಯವನ ಹಾಗೆ ಉದ್ದನೆಯದು. ಆಮೇಲೆ ಅರಗಿನ ಮೆರುಗಿನದು, ಹಿತ್ತಾಳೆಯ ಕಟ್ಟು ಹಾಕಿದ್ದು, ಬಳ್ಳಿ ಕೊರೆದದ್ದು. ಪ್ರತಿ ಸಲವೂ ಅದೇ ಓಟ, ಅದೇ ಕೂಗು. ಅವನ ಖುಷಿ ಸುಳ್ಳಾಗಿರಲಿಲ್ಲ. ಚಿಲುಮೆ ಕೈಗೆ ಬಂದಾಗ ಅವನ ಕಣ್ಣಲ್ಲಿ ನೀರು ಬರುತ್ತಿದ್ದುದೂ ಉಂಟು. ಆದರೆ ಆ ಖುಷಿ ಕಹಿಯನ್ನು ದಾಟುವಷ್ಟು ದಿನ ಬಾಳುತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ಹಲಗೆ ಹೊಡೆಸಿ ಎಲ್ಲವನ್ನೂ ಸಾಲಾಗಿ ಇಟ್ಟ. ನೋಡಲು ಬಂದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅವನಿಗೆ ಅದೊಂದು ಸುಖವಾದರೂ ಇತ್ತು.

ಹೀಗಿರುವಾಗ ಮಗಳ ಮದುವೆಯ ಮಾತು ಬಂತು. ಪಕ್ಕದ ಊರಿನ ಎತ್ತಿನ ವ್ಯಾಪಾರಿಯ ಮಗ. ಹುಡುಗಿ ಅವನನ್ನು ಸಂತೆಯಲ್ಲಿ ನೋಡಿ ಮನಸ್ಸಿಟ್ಟಿದ್ದಳು. ಮದುವೆಯಾದರೆ ಅವನನ್ನೇ ಆಗುತ್ತೇನೆ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಅಜ್ಜಿಯ ಮುಂದೆ ಹೇಳಿದ್ದಳು. ಅಜ್ಜಿ ಅದನ್ನು ಮಗನಿಗೆ ಮುಟ್ಟಿಸಿದ್ದಳು. ವ್ಯಾಪಾರಿಗೆ ಮಗಳೆಂದರೆ ಜೀವ. ಈ ಸಂಬಂಧ ಹೇಗಾದರೂ ಆಗಬೇಕು ಎಂದು ಅವನೂ ಚಡಪಡಿಸುತ್ತಿದ್ದ.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಮಾತುಕತೆ ಮುಗಿಯುವಾಗ ಹೆಣ್ಣಿನ ತಂದೆ ತಾನು ದಿನವೂ ಸೇದುವ ಚಿಲುಮೆಯನ್ನು ತುಂಬಿ ಗಂಡಿನ ತಂದೆಗೆ ಕೊಡಬೇಕು. ಗಂಡಿನ ತಂದೆ ಅದನ್ನು ಸೇದಿ, ತನ್ನ ಚಿಲುಮೆಯನ್ನು ಇವರಿಗೆ ಕೊಡಬೇಕು. ಅಲ್ಲಿಗೆ ಸಂಬಂಧ ಗಟ್ಟಿ. ಸೇದದ ಹೊಸ ಚಿಲುಮೆ ಕೊಟ್ಟರೆ, ನಿಮ್ಮನ್ನು ನಾವು ಒಳಗೆ ಸೇರಿಸಲಿಲ್ಲ ಎಂದು ಅರ್ಥ.

ಬೀಗರಾಗುವವರು ಬಂದರು. ಮಾತುಕತೆ ಸಲೀಸಾಗಿ ಮುಗಿಯಿತು. ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ವ್ಯಾಪಾರಿ ಉತ್ಸಾಹದಿಂದ ಎದ್ದು, ಹಲಗೆಯ ಮೇಲಿದ್ದ ಎಲ್ಲಕ್ಕಿಂತ ಚೆಂದದ ಚಿಲುಮೆಯನ್ನು ಇಳಿಸಿದ. ಗೌಡನದಕ್ಕಿಂತ ಹೆಚ್ಚು ಹೊಳೆಯುವ ಕಪ್ಪು ಚಿಲುಮೆ, ಅದಕ್ಕೆ ಬೆಳ್ಳಿಯ ಕಟ್ಟು. ತುಂಬಿ ಕೊಟ್ಟ.

ಗಂಡಿನ ತಂದೆ ಒಂದು ದಮ್ಮು ಎಳೆದ. ಕೆಮ್ಮಿದ. ಎದ್ದು ಹೋಗಿ ಅಂಗಳದಲ್ಲಿ ಉಗುಳಿ ಬಂದ.

“ಹಸಿ ಮಣ್ಣು,” ಎಂದ.

ವ್ಯಾಪಾರಿ ಹಲಗೆಯ ಕಡೆ ಓಡಿದ. ಗಿಣಿಮೂಗಿನದನ್ನು ತಂದ. ಅದೂ ಹಸಿ. ಹಿತ್ತಾಳೆ ಕಟ್ಟಿನದು, ಗಿಡ್ಡನೆಯದು, ಬಳ್ಳಿಯದು, ಒಂದೊಂದನ್ನೇ ಓಡೋಡಿ ತಂದು ಕೈಗಿಟ್ಟ. ಜೊತೆಗೆ ಬಂದ ಹಿರಿಯರು ಹೆಗಲ ವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು ನಗು ತಡೆದುಕೊಂಡರು. ಗಂಡಿನ ತಂದೆ ನಗಲಿಲ್ಲ. ಪಕ್ಕದಲ್ಲಿಟ್ಟಿದ್ದ ರುಮಾಲನ್ನು ತೆಗೆದು ತಲೆಗೆ ಸುತ್ತತೊಡಗಿದ.

“ಸಾವ್ಕಾರ್ರ, ಇವೆಲ್ಲಾ ಇರಲಿ. ನಿಮ್ಮದು ಯಾವುದು?”

ವ್ಯಾಪಾರಿ ಹಲಗೆಯ ಕಡೆ ನೋಡಿದ. ಆ ತುದಿಯಿಂದ ಈ ತುದಿಯ ತನಕ ನೋಡಿದ. ಪ್ರತಿಯೊಂದನ್ನೂ ನನ್ನದು ಎಂದು ಕೂಗಿ ತಂದವನಿಗೆ ಈಗ ಒಂದನ್ನೂ ಬೆರಳು ಮಾಡಿ ತೋರಿಸಲು ಆಗಲಿಲ್ಲ.

ಆಗ ಹುಡುಗಿ ಬಾಗಿಲ ಹಿಂದಿನಿಂದ ಓಡಿದಳು. ನಾಚಿಕೆ, ಮರ್ಯಾದೆ ಒಂದನ್ನೂ ನೋಡಲಿಲ್ಲ. ಸೀರೆ ಎತ್ತಿ ಹಿಡಿದು ಅಡಿಗೆಮನೆ ದಾಟಿ ಹಿತ್ತಲಿಗೆ ಹೋದಳು. ಮರುಗಳಿಗೆಗೆ ಹಿತ್ತಲಿನಿಂದ ಮುದುಕಿಯ ಕೂಗು ಕೇಳಿಸಿತು.

“ಏ ಹುಡುಗಿ, ಕೊಡು ಇಲ್ಲೆ! ಹಲ್ಲು ಸಿಡಿಯಾಕತ್ತೇತಿ!”

ಹುಡುಗಿ ಏದುಸಿರು ಬಿಡುತ್ತ ಬಂದು ತಂದೆಯ ಕೈಯಲ್ಲಿ ಒಂದು ಚಿಲುಮೆ ಇಟ್ಟಳು. ಇನ್ನೂ ಹೊಗೆಯಾಡುತ್ತಿತ್ತು. ಅದರ ಬಣ್ಣ ಕೆಂಪೂ ಅಲ್ಲ, ಕಪ್ಪೂ ಅಲ್ಲ. ಅಂಚಿನಲ್ಲಿ ಒಂದು ಚೂರು ಹಾರಿತ್ತು. ಬಾಯಿಯ ಬಳಿ ಹೆಬ್ಬೆರಳಿನ ಗುಳಿ ಇತ್ತು. ವ್ಯಾಪಾರಿಗೆ ಗುರುತು ಸಿಕ್ಕಿತು. ಎಸೆದ ದಿನ ಮುದುಕಿ ಅದನ್ನು ಉಣ್ಣೆಯಿಂದ ಎತ್ತಿಕೊಂಡಿದ್ದಳು. ಹಲ್ಲುನೋವಿಗೆ ಹೊಗೆ ಒಳ್ಳೆಯದೆಂದು ಸೇದಿದಳು, ಕಹಿ ಇದ್ದರೂ ಸೇದಿದಳು. ಅವಳಿಗೆ ಬೇರೆ ಚಿಲುಮೆ ಯಾರು ತಂದುಕೊಡುತ್ತಾರೆ?

ವ್ಯಾಪಾರಿ ಅದನ್ನು ಮುಂದೆ ಹಿಡಿದ. ರುಮಾಲು ಅರ್ಧ ಸುತ್ತಿದ್ದ ಗಂಡಿನ ತಂದೆ ಒಲ್ಲದ ಮನಸ್ಸಿನಿಂದ ಎಳೆದ. ಇನ್ನೊಮ್ಮೆ ಎಳೆದ. ಕಣ್ಣು ಮುಚ್ಚಿತು. ಹಿರಿಯರು ಮುಂದಕ್ಕೆ ಬಾಗಿದರು. ರುಮಾಲು ತಾನಾಗಿ ಬಿಚ್ಚಿ ಹೆಗಲ ಮೇಲೆ ಬಿತ್ತು.

“ಆಹಾ! ಇದನ್ನ ಇಷ್ಟೊತ್ತು ಯಾಕ ಮುಚ್ಚಿಟ್ಟಿದ್ದಿರಿ? ದಿನಾ ಇದನ್ನ ಸೇದತೀರೇನು?”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿ ತಂದೆಯ ಮುಖವನ್ನೇ ನೋಡುತ್ತಿದ್ದಳು. ವ್ಯಾಪಾರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ನಾ ಅಲ್ರಿ. ನಮ್ಮವ್ವ ಸೇದತಾಳ. ನಾ ಇದನ್ನ ಒಗದಿದ್ದೆ.”

ಗಂಡಿನ ತಂದೆ ಚಿಲುಮೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕ. ಎದ್ದು ವ್ಯಾಪಾರಿಯನ್ನು ದಾಟಿಕೊಂಡು, ಹಲಗೆಯ ಮೇಲಿನ ಸಾಲನ್ನೆಲ್ಲ ದಾಟಿಕೊಂಡು, ನೆಟ್ಟಗೆ ಹಿತ್ತಲಿಗೆ ನಡೆದ. ಎಲ್ಲರೂ ಅವನ ಹಿಂದೆ ನುಗ್ಗಿದರು. ಅವನು ಉಣ್ಣೆಯ ರಾಶಿಯ ಪಕ್ಕ ನೆಲಕ್ಕೆ ಕೂತು, ಸೊಂಟದಿಂದ ತನ್ನ ಚಿಲುಮೆ ತೆಗೆದು ಮುದುಕಿಗೆ ಕೊಟ್ಟ.

“ತಗೋ ಬೇ ಯವ್ವಾ. ಸಂಬಂಧ ನಿನ್ನ ಕೂಡ ಆತು.”

ಮುದುಕಿ ಒಂದು ದಮ್ಮು ಎಳೆದು, “ನಡೀತೈತಿ,” ಎಂದಳು. ಹಿತ್ತಲೆಲ್ಲ ನಗುವೋ ನಗು. ಹುಡುಗಿ ಅಜ್ಜಿಯ ಕೊರಳಿಗೆ ಬಿದ್ದಳು. ವ್ಯಾಪಾರಿ ಹಿತ್ತಲ ಬಾಗಿಲಲ್ಲೇ ನಿಂತಿದ್ದ. ಮಗಳ ಸಂಬಂಧ ಕುದುರಿತೆಂದು ಅವನಿಗೆ ಹೇಳಲಾಗದಷ್ಟು ಸಂತೋಷವಾಗಿತ್ತು. ಅದರ ಜೊತೆಗೇ ಅಳುವೂ ಬಂತು.

ಗುರು ಕತೆ ನಿಲ್ಲಿಸಿದರು. ಪರ್ವತಯ್ಯ ತೊಡೆ ತಟ್ಟಿ ನಕ್ಕ. ಮುದುಕಿ ಅವನಿಗೆ ಬಹಳ ಹಿಡಿಸಿದ್ದಳು. ಅಷ್ಟರಲ್ಲಿ ದಂಡೆಯಿಂದ ಹರಿಗೋಲಿನವನು ಕೂಗಿದ. ಪರ್ವತಯ್ಯ ಗಂಟು ಎತ್ತಿಕೊಂಡು ಅವಸರದಿಂದ ಕೇಳಿದ.

“ಅಜ್ಜಾರ, ಆ ಸಾವ್ಕಾರ ಆಮ್ಯಾಲ ಯಾವ ಚಿಲುಮೆ ಸೇದಿದ?”

ಗುರು ಅವನ ಗಂಟನ್ನು ನೋಡಿದರು, ಅವನನ್ನು ನೋಡಿದರು.

“ಅದಿರಲಿ. ನಿಮ್ಮವ್ವ ಜೋಳ ಬೀಸೂಮುಂದ ಈಗೂ ಆ ನಾಕ ಅಕ್ಷರ ಅಂತಾಳೇನು?”